ಉಂಗುರ ಬಿಡಿಸುವುದು

ಉಮದಿಯ ಕೆಳಗಿನ ಬಾಗದಲ್ಲಿ
ಸಾಸಿವೆಯಷ್ಟಿದ್ದ ದ್ರಾಕ್ಷಿ ಜೋಳದಷ್ಟಾಗುವ ವಾರ
ಅವ್ವನ ಕೈಗೆ ಎರಡಲಗಿನ ಚಾಕು ಬರುತ್ತಿತ್ತು.
ಮಾಲಕರು ಅದಕ್ಕೆ ಗರ್ಡಲಿಂಗ ಅನ್ನುತ್ತಿದ್ದರು,
ಹೆಣ್ಣಾಳುಗಳು ಉಂಗುರ ಬಿಡಿಸೂದು ಅನ್ನುತ್ತಿದ್ದರು.

"ಬಗ್ಗು. ಮೊಣಕಾಲೂರು. ಬುಡ ಗಿಡ್ಡ ಅದ,
ನಾಚಬ್ಯಾಡ."
ಸುತ್ತ ಒಮ್ಮೆ ಎಳೆದರೆ ಎರಡು ಗೆರೆ,
ನಡುವಿನ ಸಿಪ್ಪೆ ಉಗುರಿನಿಂದ ಎಬ್ಬಿಸಿದರೆ
ಹಸಿ ಉಂಗುರ, ಒಳಮೈ ಜಾರು ಜಾರು,
ಅದರ ಕೆಳಗೆ ಬೆಳ್ಳಗೆ ಕಟ್ಟಿಗೆ.
"ಬೆಳ್ಳಗ ಕಂಡಿತೋ, ಅಲ್ಲೇ ನಿಲ್ಲು.
ಸಿಪ್ಪಿ ನಮ್ಮದು. ಕಟ್ಟಿಗಿ ಬೇರಿಂದು."

ಇಷ್ಟೇ ಅವಳ ಸಸ್ಯಶಾಸ್ತ್ರ.

ನನ್ನದು ಒಂಬತ್ತನೆಯ ಇಯತ್ತೆಯ ಪುಸ್ತಕದಲ್ಲಿತ್ತು:
ಜಲವಾಹಿನಿಗೆ ನೀಲಿ, ರಸವಾಹಿನಿಗೆ ಕೆಂಪು,
ಮರಾಠಿಯಿಂದ ಸೀದಾ ದಾಟಿ ಬಂದ ಹೆಸರುಗಳು,
ಯಾವ ಚೆಕ್‌ಪೋಸ್ಟಿನಲ್ಲೂ ಯಾರೂ ತಡೆಯದೆ.
ನೀಲಿ ಕೊಳವೆಯ ಕೋಶಗಳು ಸತ್ತಿರುತ್ತವೆ
ಎಂಬ ಸಾಲನ್ನು ಎರಡು ಸಲ ಓದಿದೆ.
ಸತ್ತವರು ಒಬ್ಬರ ಮೇಲೊಬ್ಬರು ನಿಂತು
ನಡುವಿನ ಗೋಡೆ ಕರಗಿಸಿ ನೀರು ಸಾಗಿಸುತ್ತಾರೆ.
ಬದುಕಿರುವವರು ಸಿಪ್ಪೆಯೊಳಗೆ ಸಕ್ಕರೆ ಹೊರುತ್ತಾರೆ.

ಅಂದರೆ ಅವ್ವ ಮಾಡುತ್ತಿದ್ದದ್ದು ಇದು:
ಎಲೆ ಅಟ್ಟ ಸಕ್ಕರೆ ಬೇರಿಗಿಳಿಯುವ ದಾರಿಯನ್ನು
ನಾಲ್ಕು ಮಿಲಿಮೀಟರಿನಷ್ಟು ಕಿತ್ತು ಬಿಸಾಡುವುದು.
ಇಳಿಯಲಾರದ್ದು ಕಾಳಿಗೆ ಹೋಗುತ್ತದೆ. ಕಾಳು ಉಬ್ಬುತ್ತದೆ.
ಗಾಯದ ಮೇಲ್ದುಟಿಯೂ ಉಬ್ಬುತ್ತದೆ.
ಬೇರು ಮಾತ್ರ ಮೇಲೆ ಏನಾಯಿತೆಂದು ಕೇಳದೆ
ಮೂರು ವಾರ ಉದ್ರಿ ನೀರು ಕೊಡುತ್ತಲೇ ಇರುತ್ತದೆ.

ಇದನ್ನು ಹೇಳಿದಾಗ ಅವ್ವ ನಕ್ಕಳು:
"ಉದ್ರಿ ಅಂದ್ರ ಬೇರಿಗೇನು ಹೊಸಾದ?"

ಆ ಡಿಸೆಂಬರ್, ಏಳನೆಯ ಸಾಲು, ತುದಿಯಿಂದ ಮೂರನೆಯ ಬಳ್ಳಿ.
ಬೆಳ್ಳಗೆ ಕಂಡ ಮೇಲೂ ನನ್ನ ಚಾಕು ನಿಲ್ಲಲಿಲ್ಲ.
ಸಿಪ್ಪೆ ಸುಂಯ್ ಅನ್ನುತ್ತದೆ. ಇದು ಕರ್ ಅಂದಿತು.
ಮಧ್ಯಾಹ್ನಕ್ಕೆ ಅದರ ಎಲೆ ತೊಯ್ದ ಅರಿವೆಯಂತೆ ಜೋತವು,
ಬಾಜೂಕಿನವು ಬಿಸಿಲಿಗೆ ಎದೆಯೊಡ್ಡಿ ನಿಂತಿದ್ದವು.
ಅವ್ವ ನೋಡಿದಳು. ಬೈಯಲಿಲ್ಲ. ಸುತ್ತ ನೋಡಿದಳು.
ಹುತ್ತದ ಮಣ್ಣು ಸೆಗಣಿ ಕಲಸಿ ಮೆತ್ತಿದಳು,
ಸೆರಗಿನ ಅಂಚು ಹರಿದು ಸುತ್ತಿದಳು,
ಮಾಲಕರ ಮೋಟಾರ್‌ಸೈಕಲ್ ಬಂದಾಗ
ಆ ಬಳ್ಳಿಗೆ ಬೆನ್ನು ಹಚ್ಚಿ ಎಲೆಯಡಿಕೆ ಹಾಕಿಕೊಂಡಳು.

ಆಮೇಲೆ ದಿನಾ, ಹೋಗುವಾಗ ಬರುವಾಗ,
ಕಟ್ಟಿನ ಮೇಲೆ ಹೆಬ್ಬೆರಳು ಒತ್ತಿ ನೋಡುವಳು,
ನಾದಿಟ್ಟ ರೊಟ್ಟಿ ಹಿಟ್ಟು ಹದಕ್ಕೆ ಬಂತೇ ಎನ್ನುವಂತೆ.
ಪುಸ್ತಕ ಹೇಳಿತ್ತು: ಸಿಪ್ಪೆಗೂ ಕಟ್ಟಿಗೆಗೂ ನಡುವೆ
ಕಣ್ಣಿಗೆ ಕಾಣದ ಒಂದು ಪದರ,
ಒಳಗೆ ಕಟ್ಟಿಗೆ, ಹೊರಗೆ ಸಿಪ್ಪೆ ಹೆರುತ್ತ
ತಾನು ತೆಳ್ಳಗೇ ಉಳಿಯುತ್ತದೆ.
ಅದರಲ್ಲಿ ನಾನು ಎಷ್ಟು ಕೆರೆದಿದ್ದೆನೋ
ಪುಸ್ತಕದಲ್ಲಿರಲಿಲ್ಲ.

ಉಳಿದವುಗಳ ಉಂಗುರ ಸಂಕ್ರಾಂತಿಗೆ ಮುಚ್ಚಿಕೊಂಡವು,
ಕಂದು ಗಂಟು, ಬಿಗಿಯಾದ ಬಳೆಯ ಗುರುತಿನ ಹಾಗೆ.
ಗೊಂಚಲು ಪುಣೆಯ ಲಾರಿ ಹತ್ತಿದವು.
ಮೂರನೆಯ ಬಳ್ಳಿಯಲ್ಲಿ ಕಾಳು ನಿಂತಲ್ಲೇ ಬೇದಾಣಿಯಾದವು.
ಮಾಳಪ್ಪ ಮುಕಾದಮ ವಹಿಯಲ್ಲಿ "ರೋಗ" ಎಂದು ಬರೆದುಕೊಂಡ.
ನಾವು ಹೂಂ ಅಂದೆವು.

ಏಪ್ರಿಲ್ ಛಾಟಣಿ.
ಹಿಂದಿನ ರಾತ್ರಿ ಕರೆಂಟಿತ್ತು, ಡ್ರಿಪ್ಪು ಬಿಟ್ಟಿದ್ದರು.
ಕತ್ತರಿ ಬಿದ್ದಲ್ಲೆಲ್ಲ ಕಡ್ಡಿಯ ತುದಿಗೆ ನೀರು,
ಇಡೀ ಬಾಗ ತಟ ತಟ ಸೋರುತ್ತ, ಬಗ್ಗಿದವರ ಕುತ್ತಿಗೆಗೆ.
ಎಲೆಯೊಂದೂ ಇಲ್ಲದಾಗ ಬೇರೇ ತಳ್ಳುತ್ತದೆ.
ಅವ್ವ ಆ ಬಳ್ಳಿಯ ಒಂದು ಕಡ್ಡಿ ಕತ್ತರಿಸಿ
ತುದಿಗೆ ಬೆರಳು ಹಿಡಿದು ನಿಂತಳು.
ಹಿಂದಿದ್ದವರು ನಮ್ಮನ್ನು ದಾಟಿ ಮುಂದೆ ಹೋದರು.
"ಸುಗಲಾಬಾಯಿ, ಏನ್ ನಿಂತೀ?" ಮುಕಾದಮ ಕೂಗಿದ.
ನಾನು ಬೆರಳು ನೋಡಲಿಲ್ಲ, ಅವಳ ಪಾದ ನೋಡುತ್ತಿದ್ದೆ.

ಬಹಳ ಹೊತ್ತಿನ ಮೇಲೆ ಬೆರಳು ಬಾಯಿಗಿಟ್ಟುಕೊಂಡಳು.
"ಸಪ್ಪಗದ," ಅಂದಳು.
"ಸಕ್ಕರಿ ಇಲ್ಲ, ಏನಿಲ್ಲ. ಬರೇ ನೀರು."
ಮುಂದಿನ ಬಳ್ಳಿಗೆ ಕತ್ತರಿ ಇಟ್ಟಳು.